ಸೋಮನಾಥಪುರದಲ್ಲಿ ಎರಡು ಹಳೆಯ ಕ್ಯಾಮರಾಗಳು

ಮೈಸೂರಿನಿಂದ ಪೂರ್ವಕ್ಕೆ, ಬನ್ನೂರಿನ ಮಾರ್ಗವಾಗಿ ಸುಮಾರು ೩೫ ಕಿಲೋಮೀಟರು ಪ್ರಯಾಣಮಾಡಿದರೆ ಸೋಮನಾಥಪುರವು ದೊರೆಯುತ್ತದೆ. ಕಾವೇರಿಯ ನೀರಿನಿಂದ ತಣಿದ ಕಬ್ಬು ಭತ್ತಗಳ ಬಯಲಿನ ನಡುವೆ ಇರುವ ಈ ಸಣ್ಣ ಗ್ರಾಮಕ್ಕೆ ಕೀರ್ತಿಯನ್ನು ತಂದಿರುವುದು ಅಲ್ಲಿಯ ಕೇಶವ ದೇವಾಲಯ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ೧೨೫೮ರಲ್ಲಿ ಇದನ್ನು ಪ್ರತಿಷ್ಠೆಮಾಡಿಸಿದನು. ಪ್ರಾಕ್ತನವಿಮರ್ಶೆಯಲ್ಲಿ ಪ್ರಖ್ಯಾತರಾದ ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿಯೇ ಈ ಗುಡಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ೨೦೨೩ರಲ್ಲಿ ಬೇಲೂರು ಹಳೇಬೀಡುಗಳ ಗುಡಿಗಳೊಡನೆ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದರ ಶಿಲ್ಪವೈಭವದ ವರ್ಣನೆಗಳನ್ನು ವಾಚಕರು ಅನೇಕವಾಗಿ ಓದಿರಬಹುದು. ಈ ಲೇಖನದ ಉದ್ದೇಶ ಬೇರೆ. ಆ ಗುಡಿಯನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಎರಡು ಹಳೆಯ ಕ್ಯಾಮರಾಗಳನ್ನು ಪರೀಕ್ಷಿಸಿದ ಬಗೆಯನ್ನು ಇಲ್ಲಿ ನಿವೇದಿಸುತ್ತೇನೆ.

ಪರೀಕ್ಷೆಯ ಅವಶ್ಯಕತೆ ಹೀಗೆ ಒದಗಿತು. ನನ್ನ ತಂಗಿಯ ಮೊಮ್ಮಗಳು ಇತಿಹಾಸದಲ್ಲಿ ಎಂ.ಎ. ವ್ಯಾಸಂಗ ಮಾಡುತ್ತಿದ್ದಾಳೆ. ಹೊಯ್ಸಳ ಶಿಲ್ಪಿಗಳು ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರುಗಳನ್ನು ಕೆತ್ತಿರುವುದೇ ಅವಳ ಪ್ರಬಂಧದ ವಿಷಯ. ಇದಕ್ಕೆ ಚಿತ್ರಗಳು ಬೇಕು. ನಮ್ಮ ಮನೆಯ ಬೀರುವಿನಲ್ಲಿ ಒಂದು ನಿಕಾನ್ ಡಿ-೪೦, ಅವರ ಮನೆಯ ಬೀರುವಿನಲ್ಲಿ ಒಂದು ಕ್ಯಾನನ್ ೪೦೦-ಡಿ, ಎರಡೂ ಬಹುಕಾಲದಿಂದ ನಿದ್ರಿಸುತ್ತಿದ್ದವು. ಎರಡಕ್ಕೂ ಹೊಸ ಬ್ಯಾಟರಿ ಬೇಕು. ಕತ್ತಲೆಯ ಒಳಾಂಗಣಕ್ಕೆ ಇನ್ನೊಂದು ಲೆನ್ಸೂ ಬೇಕು. ಇಷ್ಟು ವೆಚ್ಚವನ್ನು ಒಂದರ ಮೇಲೆ ಮಾಡಲು ಮಾತ್ರ ಅವರ ಸಂಸಾರಕ್ಕೆ ಶಕ್ತಿಯುಂಟು. ಅವಳ ತಂದೆಯಂತೂ, “ಎರಡನ್ನೂ ಗುಜರಿಗೆ ಹಾಕಿ, ಅದೇ ಹಣಕ್ಕೆ ಒಂದು ಫೋನನ್ನು ತೆಗೆದುಕೊಳ್ಳಲಿ,” ಎಂದುಬಿಟ್ಟಿದ್ದರು.

ಈ ಮಾತು ನಿರಾಧಾರವಾದುದಲ್ಲ. ಇಂದಿನ ಒಳ್ಳೆಯ ಫೋನು ಕತ್ತಲೆಯಲ್ಲಿ ಅನೇಕ ಚಿತ್ರಗಳನ್ನು ಕ್ಷಣಮಾತ್ರದಲ್ಲಿ ತೆಗೆದು, ಒಂದಾಗಿ ಬೆಸೆದು, ಬೆಳಗಿಸಿಕೊಡುತ್ತದೆ. ಆದರೆ ಬೆಳಕು ಎಷ್ಟು ಬೇಕು, ಯಾವ ಭಾಗ ಸ್ಫುಟವಾಗಿರಬೇಕು ಎಂಬ ವಿವೇಚನೆಯನ್ನೆಲ್ಲ ಅದು ತಾನೇ ಮಾಡಿಬಿಡುವುದರಿಂದ, ಕಲಿಯಬೇಕಾದವರಿಗೆ ಅಭ್ಯಾಸಕ್ಕೆ ಎಡೆಯಿಲ್ಲ. ಆದುದರಿಂದ ಎರಡು ಯಂತ್ರಗಳನ್ನೂ ತೆಗೆದುಕೊಂಡು, ಡಿಸೆಂಬರಿನ ಒಂದು ಬೆಳಗ್ಗೆ ಬನ್ನೂರಿನ ಬಸ್ಸನ್ನು ಹತ್ತಿದೆವು. ಹಳೆಯ ಬ್ಯಾಟರಿಗಳು ಅರ್ಧ ದಿನಕ್ಕಿಂತ ಹೆಚ್ಚು ಬರುವಂತಿರಲಿಲ್ಲ, ಅಷ್ಟರೊಳಗೆ ನಿರ್ಣಯವಾಗಬೇಕಾಗಿತ್ತು.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರ್ಣಯಿಸಿಕೊಳ್ಳುವ ಪದ್ಧತಿಯುಂಟು. ಯಾವುದನ್ನು ಕುರಿತದ್ದು, ಯಾವ ಫಲಕ್ಕೆ, ಯಾರಿಗೆ ಎಂಬುದು ತಿಳಿಯದೆ ಗ್ರಂಥವನ್ನು ಒಳ್ಳೆಯದು ಕೆಟ್ಟದ್ದು ಎನ್ನುವುದು ಸಲ್ಲದು. ಕ್ಯಾಮರಾದ ವಿಷಯದಲ್ಲಿಯೂ ಇದೇ ನ್ಯಾಯವು ಅನ್ವಯಿಸುತ್ತದೆ.

ಮೊದಲು ಎರಡರ ಪರಿಚಯ. ಎರಡೂ ೨೦೦೬ರಲ್ಲಿ, ಹೊಸದಾಗಿ ಕಲಿಯುವವರಿಗೆಂದು ಹೊರಬಂದವು. ಎರಡರಲ್ಲಿಯೂ ಲೆನ್ಸಿನ ಮೂಲಕ ಬಂದ ಬೆಳಕು ಒಂದು ಸಣ್ಣ ಕನ್ನಡಿಯಲ್ಲಿ ಪ್ರತಿಫಲಿಸಿ ನೋಡುವ ಕಿಂಡಿಯನ್ನು ಸೇರುತ್ತದೆ. ಗುಂಡಿಯನ್ನು ಒತ್ತಿದೊಡನೆ ಕನ್ನಡಿ ಮೇಲಕ್ಕೆದ್ದು, ಬೆಳಕು ಹಿಂದಿರುವ ಸಂವೇದಕ ಫಲಕದ ಮೇಲೆ ಬೀಳುತ್ತದೆ. ಎರಡರೊಡನೆಯೂ ೧೮ರಿಂದ ೫೫ ಮಿಲಿಮೀಟರಿನ ಲೆನ್ಸು ಬರುತ್ತಿದ್ದಿತು. ಚಲಚ್ಚಿತ್ರವನ್ನು ತೆಗೆಯುವ ಶಕ್ತಿ ಎರಡಕ್ಕೂ ಇಲ್ಲ. ಡಿ-೪೦ರ ಫಲಕದಲ್ಲಿ ೬೧ ಲಕ್ಷ ಬಿಂದುಗಳು, ೪೦೦-ಡಿಯದರಲ್ಲಿ ೧೦೧ ಲಕ್ಷ. ತೂಕದಲ್ಲಿ ಮೊದಲನೆಯದು ಸುಮಾರು ೪೭೫ ಗ್ರಾಂ, ಎರಡನೆಯದು ಸುಮಾರು ೫೧೦ ಗ್ರಾಂ. ಇದು ಲೆನ್ಸು ಮತ್ತು ಬ್ಯಾಟರಿಗಳನ್ನು ಬಿಟ್ಟ ಲೆಕ್ಕ.

ಆರು ಮತ್ತು ಹತ್ತು ಎಂಬ ಈ ಸಂಖ್ಯೆಗಳೇ ಅಂಗಡಿಯಲ್ಲಿ ಗೃಹಸ್ಥರನ್ನು ಮರುಳುಮಾಡುತ್ತಿದ್ದುದು. ವಾಸ್ತವವಾಗಿ ಒಂದರ ಚಿತ್ರದ ಅಗಲ ೩೦೦೮ ಬಿಂದುಗಳು, ಇನ್ನೊಂದರದು ೩೮೮೮; ಎಂದರೆ ಅಗಲದಲ್ಲಿ ಅಂತರವು ನೂರಕ್ಕೆ ಇಪ್ಪತ್ತೊಂಬತ್ತು ಮಾತ್ರ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ ೩೦೦ ಬಿಂದುಗಳು ಸಾಕೆಂದು ಎಣಿಸಿದರೆ, ಆರು ಅಂಗುಲದ ಅಗಲಕ್ಕೆ ಬೇಕಾಗುವುದು ೧೮೦೦. ಮನೆಯ ಆಲ್ಬಮ್ಮಿಗೆ ಎರಡೂ ಧಾರಾಳವಾಗಿ ಸಾಲುತ್ತವೆ.

ಒಂಬತ್ತೂವರೆ ಗಂಟೆಯ ಹೊತ್ತಿಗೆ ನಾವು ಜಗತಿಯನ್ನು ಹತ್ತಿದೆವು. ಗುಡಿಗೆ ಮೂರು ಗರ್ಭಗೃಹಗಳು. ಮೂರರ ತಲವಿನ್ಯಾಸವೂ ನಕ್ಷತ್ರಾಕಾರ. ಹೊರಗೋಡೆಯ ಕೆಳಭಾಗದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಪಟ್ಟಿಕೆಗಳು ಒಂದರಮೇಲೊಂದಾಗಿ ಸಾಗುತ್ತವೆ. ರಾಮಾಯಣವು ದಕ್ಷಿಣಕ್ಕೆ, ಭಾಗವತವು ಹಿಂಬದಿಗೆ, ಭಾರತವು ಉತ್ತರಕ್ಕೆ. ಮಾರ್ಗಶಿರದ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ರಾಮಾಯಣದ ಮೇಲೆ ಬಿಸಿಲು ಓರೆಯಾಗಿ ಬಿದ್ದು, ಬಳಪದ ಕಲ್ಲಿನ ಒಂದೊಂದು ಗೆರೆಯೂ ನೆರಳಿನಿಂದ ಎದ್ದುಕಾಣುತ್ತಿದ್ದಿತು. ಗೋಡೆಯು ನಕ್ಷತ್ರದಂತೆ ಮೂಲೆಮೂಲೆಯಾಗಿ ತಿರುಗುವುದರಿಂದ, ಒಂದು ಮುಖಕ್ಕೆ ನೇರವಾಗಿ ಬಿದ್ದ ಬೆಳಕು ಪಕ್ಕದ ಮುಖವನ್ನು ಓರೆಯಾಗಿ ಸವರುತ್ತದೆ. ಹೊತ್ತು ಸರಿದಂತೆ ಮೂರ್ತಿಗಳು ಸರದಿಯಂತೆ ಬೆಳಕಿಗೆ ಬರುತ್ತವೆ. ಉತ್ತರದ ಭಾರತಕ್ಕಾದರೋ ಈ ಋತುವಿನಲ್ಲಿ ಬಿಸಿಲೇ ತಾಗುವುದಿಲ್ಲ. ಏಪ್ರಿಲಿನ ಕೊನೆಯಿಂದ ಆಗಸ್ಟಿನ ನಡುವಿನವರೆಗೆ ನಡುಹಗಲಿನ ಸೂರ್ಯನು ಇಲ್ಲಿ ಉತ್ತರಕ್ಕಿರುತ್ತಾನೆ. ಆ ಗೋಡೆಯನ್ನು ಬಿಸಿಲಿನಲ್ಲಿ ನೋಡಬಯಸುವವರು ಆಗ ಹೋಗಬೇಕು.

ಬಿಸಿಲಿನಲ್ಲಿ ಬೆಳಗಿದ ಮೂರ್ತಿಯ ಹಿಂದೆ ಗಾಢವಾದ ನೆರಳಿದ್ದರೆ ಕ್ಯಾಮರಾದ ಅಳತೆಯು ತಪ್ಪುವುದುಂಟು. ಇದಕ್ಕೆ ಡಿ-೪೦ರಲ್ಲಿ ಒಂದು ಸಣ್ಣ ಬಿಂದುವಿನ ಬೆಳಕನ್ನು ಮಾತ್ರ ಅಳೆಯುವ ಉಪಾಯವಿದೆ. ವಿಗ್ರಹದ ಕೆನ್ನೆಗೆ ಗುರಿಯಿಟ್ಟು ಅಳೆದರೆ ಸಾಕು. ೪೦೦-ಡಿಯಲ್ಲಿ ಅಷ್ಟು ಸೂಕ್ಷ್ಮವಾದ ಅಳತೆಯಿಲ್ಲ. ಅದು ನಡುವಿನ ನೂರಕ್ಕೆ ಒಂಬತ್ತು ಭಾಗವನ್ನು ಅಳೆಯುತ್ತದೆ. ಅದಕ್ಕೆ ಬದಲಾಗಿ, ಕಡಮೆ, ಸಮ, ಹೆಚ್ಚು ಎಂದು ಮೂರು ಬೆಳಕುಗಳಲ್ಲಿ ಮೂರು ಚಿತ್ರಗಳನ್ನು ತೆಗೆಯುವ ಅನುಕೂಲವನ್ನು ಕೊಡುತ್ತದೆ. ಈ ಅನುಕೂಲವು ಡಿ-೪೦ರಲ್ಲಿಲ್ಲ.

ಪೀಠದ ಅಕ್ಷರಗಳಲ್ಲಿ ಮಾತ್ರ ಬಿಂದುಗಳ ಸಂಖ್ಯೆಯು ತನ್ನ ಬೆಲೆಯನ್ನು ತೋರಿಸಿತು. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ ಮೊದಲಾದ ಶಿಲ್ಪಿಗಳ ಹೆಸರುಗಳು ಈ ಗುಡಿಯಲ್ಲಿ ದೊರೆಯುತ್ತವೆ. ವಿಗ್ರಹವನ್ನೂ ಪೀಠವನ್ನೂ ಒಂದೇ ಚಿತ್ರದಲ್ಲಿ ಹಿಡಿದು, ಬಳಿಕ ಅಕ್ಷರವಿರುವ ಭಾಗವನ್ನು ಮಾತ್ರ ಕತ್ತರಿಸಿ ಆರು ಅಂಗುಲಕ್ಕೆ ಮುದ್ರಿಸುವುದು ಹುಡುಗಿಯ ಯೋಜನೆ. ಡಿ-೪೦ರ ಚಿತ್ರದಲ್ಲಿ ಇದಕ್ಕೆ ಅಗಲದ ಐದರಲ್ಲಿ ಮೂರು ಪಾಲನ್ನು ಉಳಿಸಿಕೊಳ್ಳಬೇಕಾಗುತ್ತದೆ. ೪೦೦-ಡಿಯದರಲ್ಲಿ ಅರ್ಧಕ್ಕಿಂತ ಕಡಮೆ ಉಳಿದರೂ ಸಾಕು. ಅವಳು ಎರಡನ್ನೂ ತೆರೆಯಲ್ಲಿ ದೊಡ್ಡದುಮಾಡಿ ನೋಡಿ, “ತಾತ, ಇದರಲ್ಲಿ ‘ಲ್ಲಿ’ಯ ಒತ್ತು ಬಿಡಿಸಿ ಕಾಣುತ್ತದೆ,” ಎಂದು ೪೦೦-ಡಿಯನ್ನು ತೋರಿಸಿದಳು.

ಅಲ್ಲಿಂದ ಒಳಗೆ ಹೋದೆವು. ಕಲ್ಲಿನ ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು ತಿರುಗಣಿಯಲ್ಲಿ ಕಡೆದಂತಿರುವ ಕಂಬಗಳನ್ನು ಮುಟ್ಟಿ, ಮೇಲಣ ಭುವನೇಶ್ವರಿಗಳನ್ನು ತಲಪುವಷ್ಟರಲ್ಲಿ ಕ್ಷೀಣಿಸುತ್ತದೆ. ಹದಿನಾರು ಚಾವಣಿಗಳಲ್ಲಿ ಒಂದರಂತೆ ಒಂದಿಲ್ಲ. ಬಾಳೆಯ ಮೊಗ್ಗಿನಂತೆ ತೂಗುವ ಕೆತ್ತನೆಯನ್ನು ಕಂಡವರು ಮರೆಯಲಾರರು. ಮೂರು ಕಾಲಿನ ಸ್ಟ್ಯಾಂಡಿಗೆ ಪುರಾತತ್ತ್ವ ಇಲಾಖೆಯ ಪೂರ್ವಾನುಮತಿ ಬೇಕು. ಆದುದರಿಂದ ಅಂಗವಸ್ತ್ರವನ್ನು ಮಡಿಸಿ ನೆಲದ ಮೇಲೆ ಹಾಸಿ, ಕ್ಯಾಮರಾವನ್ನು ಅಂಗಾತ ಮಲಗಿಸಿ, ಹತ್ತು ಸೆಕೆಂಡುಗಳ ನಂತರ ತಾನೇ ತೆಗೆದುಕೊಳ್ಳುವಂತೆ ಅಣಿಮಾಡಿ ದೂರ ನಿಂತೆವು. ಕನಿಷ್ಠ ಸೂಕ್ಷ್ಮತೆಯು ಡಿ-೪೦ರಲ್ಲಿ ೨೦೦, ೪೦೦-ಡಿಯಲ್ಲಿ ೧೦೦. ಆದ್ದರಿಂದ ಒಂದೇ ಕಿಂಡಿಯಳತೆಗೆ ಮೊದಲನೆಯದಕ್ಕೆ ೪ ಸೆಕೆಂಡು ಹಿಡಿದರೆ ಎರಡನೆಯದಕ್ಕೆ ೮ ಸೆಕೆಂಡು. ಕಲ್ಲಿಗೆ ಅವಸರವಿಲ್ಲ, ಎರಡು ಚಿತ್ರಗಳೂ ನಿರ್ಮಲವಾಗಿ ಬಂದವು. ಈ ಪರೀಕ್ಷೆಯಲ್ಲಿ ಯಾವುದೂ ಸೋಲಲಿಲ್ಲ.

ಕಂಬದ ಮರೆಯ ಸಣ್ಣ ಕೆತ್ತನೆಗಳನ್ನು ಕೈಯಲ್ಲಿ ಹಿಡಿದೇ ತೆಗೆಯಬೇಕಾದಾಗ ಲೆನ್ಸಿನ ಪ್ರಶ್ನೆಯು ಎದ್ದಿತು. ಜೊತೆಗೆ ಬಂದ ಲೆನ್ಸಿನ ಕಿಂಡಿಯು ೫೫ ಮಿಲಿಮೀಟರಿನಲ್ಲಿ ಎಫ್ ೫.೬ಕ್ಕಿಂತ ಅಗಲವಾಗಿ ತೆರೆಯದು. ಎಫ್ ೧.೮ರವರೆಗೆ ತೆರೆಯುವ ೫೦ ಮಿಲಿಮೀಟರಿನ ಲೆನ್ಸು ಅದರ ಹತ್ತರಷ್ಟಕ್ಕೆ ಸಮೀಪವಾದ ಬೆಳಕನ್ನು ಒಳಗೆ ಬಿಡುತ್ತದೆ. ನಿಕಾನಿನ ಹಳೆಯ ಆಟೋಫೋಕಸ್ ಲೆನ್ಸುಗಳನ್ನು ತಿರುಗಿಸುವ ಮೋಟಾರು ಕ್ಯಾಮರಾದ ಒಡಲಲ್ಲಿರಬೇಕು. ಡಿ-೪೦ರಲ್ಲಿ ಅದನ್ನು ಇಟ್ಟಿಲ್ಲ. ಅಂತಹ ಲೆನ್ಸನ್ನು ಹಾಕಿದರೆ ಕೈಯಿಂದಲೇ ತಿರುಗಿಸಿ ಸ್ಫುಟಗೊಳಿಸಬೇಕು; ಇಲ್ಲವೆ ಮೋಟಾರನ್ನು ತನ್ನಲ್ಲಿಯೇ ಹೊಂದಿರುವ, ೨೦೦೯ರಲ್ಲಿ ಬಂದ ೩೫ ಮಿಲಿಮೀಟರಿನಂತಹ ಲೆನ್ಸನ್ನು ಕೊಳ್ಳಬೇಕು. ಕ್ಯಾನನಿನವರು ೧೯೮೭ರಿಂದಲೂ ಮೋಟಾರನ್ನು ಲೆನ್ಸಿನಲ್ಲಿಯೇ ಇಡುತ್ತ ಬಂದಿದ್ದಾರೆ. ಆದುದರಿಂದ ೧೯೯೦ರ ಕಾಲದ ಅಗ್ಗವಾದ ೫೦ ಮಿಲಿಮೀಟರಿನ ಲೆನ್ಸು ಸೆಕೆಂಡ್‌ಹ್ಯಾಂಡ್ ಆಗಿ ಸಿಕ್ಕರೂ ೪೦೦-ಡಿಯಲ್ಲಿ ತಾನಾಗಿ ನಡೆಯುತ್ತದೆ. ಕ್ಯಾಮರಾದ ಬೆಲೆಯನ್ನು ವಿಚಾರಿಸುವವರು ಮುಂದೆ ಕೊಳ್ಳಬೇಕಾದ ಲೆನ್ಸಿನ ಬೆಲೆಯನ್ನೂ ಸೇರಿಸಿಯೇ ಎಣಿಸತಕ್ಕದ್ದು.

ಡಿ-೪೦ಕ್ಕೂ ತನ್ನದೇ ಆದ ಗುಣಗಳುಂಟು. ಹಗುರ, ಆಯ್ಕೆಗಳು ಕಡಮೆಯಾದುದರಿಂದ ಮಕ್ಕಳಿಗೂ ಬೇಗ ಕೈವಶವಾಗುತ್ತದೆ. ಇದಕ್ಕೆ ಎಸ್.ಡಿ. ಕಾರ್ಡು ಸಾಕು, ೪೦೦-ಡಿಗೆ ಬೇಕಾದ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡನ್ನು ಸಣ್ಣ ಊರಿನ ಅಂಗಡಿಗಳಲ್ಲಿ ಹುಡುಕಬೇಕಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಮನೆಯವರ ಮುಖಕ್ಕೆ ನೆರಳು ಕವಿದಾಗ ಫ್ಲ್ಯಾಷನ್ನು ಸೆಕೆಂಡಿನ ಐನೂರರಲ್ಲಿ ಒಂದು ಪಾಲಿನ ವೇಗದಲ್ಲಿಯೂ ಉಪಯೋಗಿಸಬಹುದು. ೪೦೦-ಡಿಯಲ್ಲಿ ಈ ಮಿತಿಯು ಇನ್ನೂರರಲ್ಲಿ ಒಂದು ಪಾಲು. ಆದರೆ ಓಡಾಡುವ ಮಕ್ಕಳನ್ನು ಹಿಡಿಯಲು ೪೦೦-ಡಿಯಲ್ಲಿ ಒಂಬತ್ತು ಗುರಿಬಿಂದುಗಳಿದ್ದರೆ ಇದರಲ್ಲಿರುವುದು ಮೂರೇ. ಫಲಕದ ಮೇಲಿನ ಧೂಳನ್ನು ತಾನೇ ಕೊಡವಿಕೊಳ್ಳುವ ಏರ್ಪಾಡೂ ೪೦೦-ಡಿಯಲ್ಲಿ ಮಾತ್ರವಿದೆ.

ಎರಡು ಗಂಟೆಯ ಹೊತ್ತಿಗೆ ಬ್ಯಾಟರಿಗಳು ಮುಗಿದವು, ನಿರ್ಣಯವೂ ಆಗಿದ್ದಿತು. ಅಧಿಕಾರಿ ಸಂಶೋಧನ ವಿದ್ಯಾರ್ಥಿನಿ. ವಿಷಯ ಪೀಠದ ಸಣ್ಣ ಅಕ್ಷರ ಮತ್ತು ಮಬ್ಬುಗತ್ತಲೆಯ ಕೆತ್ತನೆ. ಕೈಯಲ್ಲಿರುವ ಹಣ ಅಲ್ಪ. ಈ ಮೂರನ್ನೂ ಕೂಡಿಸಿ ನೋಡಿದರೆ ವೆಚ್ಚವನ್ನು ೪೦೦-ಡಿಯ ಮೇಲೆ ಮಾಡುವುದೇ ಯುಕ್ತವೆಂದು ಅವಳೇ ಹೇಳಿದಳು, ನಾನು ಒಪ್ಪಿದೆನು. ಅವಳ ತಂದೆಯವರೂ ಚಿತ್ರಗಳನ್ನು ನೋಡಿದ ಬಳಿಕ ಗುಜರಿಯ ಮಾತನ್ನು ಎತ್ತಲಿಲ್ಲ. ಮನೆಯ ಹಬ್ಬ ಹುಣ್ಣಿಮೆ, ಮಕ್ಕಳ ಆಟಪಾಟ ಇವುಗಳೇ ವಿಷಯವಾಗಿ, ಹೊಸ ಲೆನ್ಸನ್ನು ಕೊಳ್ಳುವ ಉದ್ದೇಶವಿಲ್ಲದಿದ್ದರೆ ನಾನು ಡಿ-೪೦ನ್ನೇ ಸೂಚಿಸುತ್ತಿದ್ದೆನು.

ಇಂತಹ ಕ್ಯಾಮರಾಗಳು ವಾಚಕರ ಮನೆಗಳಲ್ಲಿಯೂ ಮೂಲೆಗುಂಪಾಗಿರಬಹುದು. ಅವನ್ನು ಮಾರುವ ಮುನ್ನ ಬ್ಯಾಟರಿಯನ್ನು ಒಮ್ಮೆ ತುಂಬಿ, ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟಿನ ಎಳೆಗಳಿವೆಯೇ ಎಂದು ಪರೀಕ್ಷಿಸಿ, ಸಮೀಪದ ಒಂದು ಹಳೆಯ ಗುಡಿಗೆ ಮನೆಯ ಹುಡುಗರೊಡನೆ ಹೋಗಿಬರುವುದು ಉಚಿತ. ಯಂತ್ರವು ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಆ ಗುಡಿಯಲ್ಲಿ ಅದುವರೆಗೆ ಕಣ್ಣಿಗೆ ಬೀಳದಿದ್ದ ನಾಲ್ಕಾರು ಸಂಗತಿಗಳೂ ಗೊತ್ತಾಗುತ್ತವೆ.