ರಿಮಾರ್ಕ್ ಇಲ್ಲದ ಲಿವರ್

ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರಿನಿಂದ ದೊಡ್ಡಪ್ಪ ಹೊಟ್ಟೆನೋವು ಅಂತ ಬಂದಿದ್ದರು. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನಿಂಗ್ ಆಯಿತು. ಸಂಜೆ ರಿಪೋರ್ಟ್ ಕೈಗೆ ಬಂತು, ಡಾಕ್ಟರು ಸಿಗುವುದು ಮಾತ್ರ ಮಾರನೆಯ ದಿನ. ಫ್ಲೈಓವರ್ ಕೆಳಗೆ ಯಲಹಂಕದ ಬಸ್ಸಿಗೆ ಕಾಯುತ್ತಿದ್ದಾಗ ದೊಡ್ಡಪ್ಪ ಕವರನ್ನು ನನ್ನ ಕೈಗಿಟ್ಟು, "ನೀನು ಪೇಪರ್‌ನೋನಲ್ವೇನೋ, ಓದಿ ಹೇಳು" ಅಂದರು.

ಲಿವರ್ 'ಅನ್‌ರಿಮಾರ್ಕಬಲ್' ಅಂತಿತ್ತು. ಕಿಡ್ನಿಗೂ ಅದೇ ಪದ. ರಿಮಾರ್ಕಬಲ್ ಅಂದರೆ ಗಮನಾರ್ಹ, ಹೇಳಿಕೊಳ್ಳುವಂಥದ್ದು. ಹಾಗಾದರೆ ಇದು 'ಹೇಳಿಕೊಳ್ಳುವಂತಿಲ್ಲ'. ನಮ್ಮ ಕಡೆ ಯಾರದಾದರೂ ಆರೋಗ್ಯ ಹೇಳಿಕೊಳ್ಳುವಂತಿಲ್ಲ ಅಂದರೆ ಏನರ್ಥ ಅಂತ ನಿಮಗೂ ಗೊತ್ತು. ನನ್ನ ಎದೆ ಧಸಕ್ಕೆಂದಿತು.

ಮುಖ ನೋಡಿಯೇ ದೊಡ್ಡಪ್ಪ ಪದ ಕೇಳಿದರು. ಹೇಳಿದೆ. "ರಿಮಾರ್ಕ್ ಇಲ್ಲ ಅಂತ ತಾನೆ? ಒಳ್ಳೇದೇ ಆಯ್ತಲ್ಲೋ. ಅಷ್ಟು ವರ್ಷ ಕಂಡಕ್ಟರ್ ಆಗಿದ್ದೆ, ನನ್ನ ಮೇಲೂ ಒಂದು ರಿಮಾರ್ಕ್ ಇರಲಿಲ್ಲ" ಅಂದರು. ಅವರು ಹೇಳಿದ್ದೇ ಸರಿ. ವೈದ್ಯರ ಭಾಷೆಯಲ್ಲಿ ಆ ಪದಕ್ಕೆ 'ಅಸಹಜವಾದದ್ದೇನೂ ಕಾಣಲಿಲ್ಲ' ಅಂತಲೇ ಅರ್ಥ. ನಾನು ಪದ ಬಿಡಿಸಿದ್ದೆ, ಅವರು ಅದು ಬಳಕೆಯಾಗುವ ಜಾಗ ನೋಡಿದ್ದರು.

ಡೆಸ್ಕಿನಲ್ಲಿ ಅನುವಾದಕ್ಕೆ ಕೂತವರಿಗೆಲ್ಲ ಈ ಪಾಡು ಗೊತ್ತು. ಸಾಲ 'ಸ್ಯಾಂಕ್ಷನ್' ಆದರೆ ಮಂಜೂರು. 2018ರಲ್ಲಿ ಅಮೆರಿಕ ಇರಾನ್ ಮೇಲೆ ಮತ್ತೆ ಹೇರಿದ 'ಸ್ಯಾಂಕ್ಷನ್' ನಿರ್ಬಂಧ. 'ಓವರ್‌ಸೈಟ್' ಒಂದು ಕಡೆ ಮೇಲ್ವಿಚಾರಣೆ, ಇನ್ನೊಂದು ಕಡೆ ಕಣ್ತಪ್ಪು. ನಮ್ಮ ಸಂಸತ್ತಿನಲ್ಲಿ ಮಸೂದೆ 'ಟೇಬಲ್' ಆಯಿತೆಂದರೆ ಮಂಡನೆಯಾಯಿತು, ಅಮೆರಿಕದಲ್ಲಿ ಚರ್ಚೆ ಮುಂದಕ್ಕೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಇದೇ ಪದಕ್ಕೆ ಬ್ರಿಟನ್ ಮತ್ತು ಅಮೆರಿಕದ ಸೇನಾಧಿಕಾರಿಗಳು ಬಹಳ ಹೊತ್ತು ವಾದ ಮಾಡಿದ್ದನ್ನು ಚರ್ಚಿಲ್ ಬರೆದಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ!

ಇಂಗ್ಲಿಷ್ ಇಂಗ್ಲಿಷಿನವರಿಗೇ ಹೀಗೆ ಕೈಕೊಟ್ಟರೆ, ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ತಿದ್ದಿದ ನಾನು ನಾಚಿಕೊಳ್ಳಬೇಕಿಲ್ಲ. ಆದರೆ ಗೊತ್ತಾಗದ್ದನ್ನು ಗೊತ್ತಾದ ಹಾಗೆ ಬರೆದುಬಿಡುವುದು ತಪ್ಪು. ಅವತ್ತು ನನ್ನ ಅನುವಾದವನ್ನು ದೊಡ್ಡಪ್ಪನಿಗೆ ಹೇಳಿಬಿಟ್ಟಿದ್ದರೆ ರಾತ್ರಿಯಿಡೀ ಅವರು ನಿದ್ದೆ ಮಾಡುತ್ತಿರಲಿಲ್ಲ. ನಮ್ಮ ಸುದ್ದಿಯನ್ನೂ ಯಾರೋ ಹಾಗೆ ನಂಬಿಯೇ ಓದುತ್ತಾರೆ.

ರಿಪೋರ್ಟಿನ ಕೊನೆಯಲ್ಲಿ 'ಕ್ಲಿನಿಕಲ್ ಕೋರಿಲೇಶನ್' ಮಾಡಿ ಅಂತ ಬರೆದಿತ್ತು. ಏನದು ಅಂತ ಮಾರನೆಯ ದಿನ ಡಾಕ್ಟರನ್ನು ಕೇಳಿದೆ. "ಬರೀ ಕಾಗದ ನೋಡಬೇಡಿ, ಪೇಷಂಟನ್ನೂ ನೋಡಿ ಅಂತ" ಅಂದರು. ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ದೊಡ್ಡಪ್ಪ ಹೊರಗೆ ಬಂದವರೇ ಮಸಾಲೆ ದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂತ ಕೇಳಿದರು.