ಮರುಭೂಮಿ ಯಾತ್ರೆಯ ಲೆಕ್ಕಪುಸ್ತಕ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಒಂದು ಮಧ್ಯಾಹ್ನ ಫೋನು ಹಿಡಿದುಕೊಂಡು ನನ್ನ ಪಕ್ಕ ಮಂಚದ ಮೇಲೆ ಬಂದು ಕೂತ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಯಾರೋ ಗಂಡ ಹೆಂಡತಿ ಜೀಪಿನ ತಲೆ ಮೇಲೆ ಗುಡಾರ ಕಟ್ಟಿಕೊಂಡು ಹೋಗುತ್ತಿದ್ದರು. ಕೆಂಪು ಮರಳು, ಎತ್ತ ನೋಡಿದರೂ ಒಂದು ಮನೆಯಿಲ್ಲ. ಊಟ, ನಿದ್ದೆ, ಅಡುಗೆ ಎಲ್ಲಾ ದಾರಿಯಲ್ಲೇ.

‘ತಾತ, ನಾವೂ ಹಿಂಗೆ ಹೋಗೋಣ. ಮನೆ ಮುಂದೆ ಜೀಪು ಸುಮ್ಮನೆ ನಿಂತೈತಲ್ಲ’ ಅಂದ.

ಒಳಗಿನಿಂದ ನನ್ನಾಕೆಯ ಧ್ವನಿ ಬಂತು: ‘ಎಪ್ಪತ್ಮೂರು ಆತು ನಿಮ್ಮ ತಾತಗೆ. ಬಿಪಿ ಗುಳಿಗಿ ಎಲ್ಲಿಟ್ಟೀನಿ ಅಂತ ನೆನಪಿರಲ್ಲ, ಮರುಭೂಮಿ ಅಂತೆ!’

ನಾನು ಅವತ್ತು ನಕ್ಕು ಸುಮ್ಮನಾದೆ. ಆದರೆ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಖಾಲಿ ನೋಟ್‌ಬುಕ್ ಕಂಡರೆ ಕೈ ಸುಮ್ಮನಿರುವುದಿಲ್ಲ. ರಾತ್ರಿ ಊಟವಾದ ಮೇಲೆ ತಾತ ಮೊಮ್ಮಗ ಇಬ್ಬರೂ ಪುಟಕ್ಕೆ ಗೆರೆ ಎಳೆದು ಕೂತೆವು.

ಮೊದಲ ತಕರಾರು ಬಂದದ್ದು ಮರುಭೂಮಿ ಎಲ್ಲಿದೆ ಎಂಬುದಕ್ಕೆ. ರಾಜಸ್ಥಾನದ ಥಾರ್‌ಗೆ ಹೋಗೋಣ ಎಂದು ಅವನು. ಅಷ್ಟು ದೂರ ಈ ಜೀಪೂ ಬರುವುದಿಲ್ಲ, ನಾನೂ ಬರುವುದಿಲ್ಲ. ನಮ್ಮ ಮರಿಯಮ್ಮನಹಳ್ಳಿಯಿಂದ ಹತ್ತಿಪ್ಪತ್ತು ಕಿಲೋಮೀಟರು ಹೆದ್ದಾರಿ ಬಿಟ್ಟು ಒಳಗೆ ಹೋದರೆ ಬಂಡೆ, ಜಾಲಿ, ಬಿಸಿಲು ಬಿಟ್ಟು ಬೇರೇನೂ ಇಲ್ಲದ ದಾರಿಗಳು ಬೇಕಾದಷ್ಟಿವೆ ಎಂದೆ. ‘ಅದು ಮರುಭೂಮಿ ಅಲ್ಲ ತಾತ’ ಎಂದು ಮುಖ ಊದಿಸಿದ.

ಅವನು ಹೇಳಿದ್ದು ಸರಿಯೇ. ಥಾರ್‌ನ ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿ.ಮೀ. ಮಳೆ ಬಿದ್ದರೆ ಹೆಚ್ಚು. ನಮ್ಮ ಕಡೆ 600 ಮಿ.ಮೀ. ಆಸುಪಾಸು ಬೀಳುತ್ತದೆ. ಆದರೆ ಆಗುಂಬೆಯಲ್ಲಿ ಬೀಳುವುದು 7,000 ಮಿ.ಮೀ.ಗೂ ಹೆಚ್ಚು. ಸಮುದ್ರದಿಂದ ಬಂದ ಮೋಡ ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆದು ಅಲ್ಲೇ ಬರಿದಾಗುತ್ತದೆ, ನಮಗೆ ದಾಟಿ ಬರುವುದು ಚಿಲ್ಲರೆ. ಆ ಘಟ್ಟದ ನೀರೇ ತುಂಗೆಯಾಗಿ, ಭದ್ರೆಯಾಗಿ ಹರಿದು ಕೂಡಲಿಯಲ್ಲಿ ಸೇರಿ ನಮ್ಮ ಹೊಸಪೇಟೆ ಅಣೆಕಟ್ಟೆಗೆ ಬರುತ್ತದೆ. ಅಂದರೆ ನಮ್ಮೂರ ಪಕ್ಕದಲ್ಲಿ ಸಮುದ್ರದಂಥ ಹಿನ್ನೀರು, ಬೆನ್ನ ಹಿಂದೆ ಒಣ ಬಯಲು. ಇಷ್ಟು ಹೇಳಿದ ಮೇಲೂ ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಮೇಲೆ 1983ರ ಕತೆ ಹೇಳಿದೆ. ಅದನ್ನು ಮನೆಯಲ್ಲಿ ನಾನು ಹೆಚ್ಚು ಹೇಳಿದವನಲ್ಲ.

ಆಗ ನನಗೆ ಮೂವತ್ತೊಂದು. ಏಪ್ರಿಲ್ ತಿಂಗಳು. ಬೆಳೆ ಸಾಲದ ಕಾಗದಗಳಿಗೆ ರೈತರ ಸಹಿ ಮಾಡಿಸಲು ಕೃಷಿ ಅಧಿಕಾರಿಯೊಬ್ಬರ ಫಟ್‌ಫಟಿಯ ಹಿಂದೆ ಕೂತು ಕೂಡ್ಲಿಗಿಯಿಂದ ಗುಡೇಕೋಟೆ ಕಡೆ ಹೋಗಿದ್ದೆ. ಮುಖ್ಯ ರಸ್ತೆ ಬಿಟ್ಟು ಒಂದು ಬಂಡಿ ಜಾಡು ಹಿಡಿದೆವು. ಬಳ್ಳಾರಿ ಜಾಲಿಯ ಮುಳ್ಳು ನೋಡಿದ್ದೀರಲ್ಲ, ಹೆಬ್ಬೆರಳುದ್ದ ಇರುತ್ತದೆ. ಹಿಂದಿನ ಗಾಲಿಗೆ ಅಂಥ ಎರಡು ಹೊಕ್ಕಿದ್ದವು. ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಬಾಟಲಿ ನೀರು. ಅದರಲ್ಲೂ ಅರ್ಧವನ್ನು ಹತ್ತು ಗಂಟೆಗೇ ಕುಡಿದು ಮುಗಿಸಿದ್ದೆವು. ಗಾಡಿ ತಳ್ಳುತ್ತಾ ನಡೆದೆವು. ಹನ್ನೆರಡೂವರೆ ಹೊತ್ತಿಗೆ ಅಧಿಕಾರಿಗಳ ಮೈ ಬೆವರುವುದು ನಿಂತುಹೋಯಿತು. ಅದು ಕೆಟ್ಟ ಲಕ್ಷಣ ಎಂದು ನನಗೆ ಗೊತ್ತಿರಲಿಲ್ಲ. ನೆರಳು ಬಂತಲ್ಲ, ತಂಪಾಗಿದ್ದಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರು ಏನೇನೋ ಮಾತಾಡತೊಡಗಿದರು, ಆಮೇಲೆ ಕುಸಿದರು.

ಕುರಿ ಕಾಯುವ ಹೆಂಗಸೊಬ್ಬರು ದೂರದಿಂದ ನೋಡಿ ಓಡಿ ಬಂದರು. ಹೆಗಲಲ್ಲಿದ್ದ ಸೋರೆಬುರುಡೆಯ ನೀರನ್ನು ಮೊದಲು ಅವರ ತಲೆಗೆ, ಎದೆಗೆ ತಟ್ಟಿದರು. ಆಮೇಲೆ ಗುಟುಕು ಗುಟುಕಾಗಿ ಕುಡಿಸಿದರು. ನನಗೂ ಕೊಟ್ಟರು. ಬುರುಡೆ ಖಾಲಿಯಾದಾಗಲೇ ಅದು ಅವರ ಇಡೀ ದಿನದ ನೀರು ಎಂದು ನನಗೆ ಹೊಳೆದದ್ದು.

‘ನಿಮಗೆ?’ ಎಂದೆ.

ಅವರು ಮಾತಾಡದೆ ಒಣಗಿದ ಹಳ್ಳಕ್ಕೆ ಇಳಿದು, ಒಂದು ತಿರುವಿನಲ್ಲಿ ಕೂತು, ಎರಡೂ ಕೈಯಲ್ಲಿ ಮರಳು ತೋಡಿದರು. ಮೊಳಕೈ ಮುಳುಗುವಷ್ಟು ತೋಡಿದ ಮೇಲೆ ಮರಳು ಕಪ್ಪಾಯಿತು. ಕಾಯುತ್ತಾ ಕೂತರು. ಅಂಗೈಯಷ್ಟು ನೀರು ಬಂತು. ಅದಕ್ಕೆ ಒರತೆ ಎನ್ನುತ್ತಾರೆ. ಕಾಸು ಕೊಡಹೋದೆ, ‘ನೀರಿಗೆ ರೊಕ್ಕ ಏನ್ ತಗಳ್ಳಾದು’ ಎಂದು ಬೈದರು. ಅವರ ಹೆಸರು ಕೇಳುವ ಬುದ್ಧಿ ಆಗ ಬರಲಿಲ್ಲ. ಸಾಯಂಕಾಲದವರೆಗೆ ಸಾಲಗಾರರ ಹೆಸರು, ತಂದೆಯ ಹೆಸರು ಎಲ್ಲಾ ತಪ್ಪಿಲ್ಲದೆ ಬರೆದುಕೊಂಡವನು ನಾನು.

ಮೊಮ್ಮಗ ಒಂದು ನಿಮಿಷ ಸುಮ್ಮನಿದ್ದು, ‘ಸರಿ ತಾತ, ಅಲ್ಲಿಗೇ ಹೋಗೋಣ’ ಅಂದ.

ದಿನ ಗೊತ್ತುಮಾಡಿದ್ದು ದಸರಾ ರಜೆಗೆ. ಡಿಸೆಂಬರ್ ಇನ್ನೂ ಒಳ್ಳೆಯದು, ಆದರೆ ಶಾಲೆ ಬಿಡಬೇಕಲ್ಲ. ದಾರಿ ಬರೆದದ್ದು ಹೀಗೆ: ಹೊಸಪೇಟೆ, ಕಮಲಾಪುರ, ಕಂಪ್ಲಿ, ದರೋಜಿ, ಸಂಡೂರು, ಕೂಡ್ಲಿಗಿ, ಗುಡೇಕೋಟೆ, ಮತ್ತೆ ಹಗರಿಬೊಮ್ಮನಹಳ್ಳಿ ಮೇಲೆ ಮನೆಗೆ. ಸಾಧ್ಯವಿದ್ದ ಕಡೆಯೆಲ್ಲಾ ಹೆದ್ದಾರಿ ಬಿಟ್ಟು ಹಳ್ಳಿ ದಾರಿ. ಕೂಡಿಸಿದರೆ 250 ಕಿ.ಮೀ. ದಾಟಿತು. ಕಾರಿನಲ್ಲಿ ಒಂದು ದಿನದ ಕೆಲಸ, ನಮಗೆ ಮೂರು ದಿನ, ಎರಡು ರಾತ್ರಿ. ನಾನು ಕೆಲಸದಲ್ಲಿದ್ದಾಗ ಇಷ್ಟೂ ಬಳ್ಳಾರಿ ಜಿಲ್ಲೆಯೇ. 2021ರಿಂದ ನಮ್ಮದು ವಿಜಯನಗರ ಜಿಲ್ಲೆ, ಕಂಪ್ಲಿ ಸಂಡೂರು ಬಳ್ಳಾರಿಯಲ್ಲೇ ಉಳಿದವು. ಹಾಗಾಗಿ ಇದು ಎರಡು ಜಿಲ್ಲೆಯ ಯಾತ್ರೆ ಎಂದು ಮೊಮ್ಮಗ ಪುಸ್ತಕದ ಮೇಲೆ ದೊಡ್ಡದಾಗಿ ಬರೆದ.

ಇನ್ನು ನೀರು. ಅವನು ಬರೆದಿದ್ದು ತಲೆಗೆ ಎರಡು ಬಾಟಲಿ. ನಾನು ಅದನ್ನು ಹೊಡೆದುಹಾಕಿ ಹೊಸ ಪುಟ ತೆರೆದೆ. ನಾವಿಬ್ಬರು, ಜೊತೆಗೆ ಗಾಲಿ ಬಿಚ್ಚಲು ನನ್ನ ಅಕ್ಕನ ಮಗ, ಒಟ್ಟು ಮೂವರು. ಕುಡಿಯಲು ದಿನಕ್ಕೆ ತಲೆಗೆ 5 ಲೀಟರ್, ಮೂರು ದಿನಕ್ಕೆ 45. ಅಡುಗೆ, ಪಾತ್ರೆ, ಮುಖ ತೊಳೆಯಲು ತಲೆಗೆ 2ರಂತೆ 18. ಜೀಪಿನ ರೇಡಿಯೇಟರಿಗೆ 7. ಒಟ್ಟು 70 ಲೀಟರ್. ನೀರು ಲೀಟರಿಗೆ ಒಂದು ಕಿಲೋ, ಅಂದರೆ ನೀರೇ 70 ಕಿಲೋ. ‘ಇನ್ನೊಬ್ಬ ಮನುಷ್ಯ ಕೂತಂಗಾತು!’ ಎಂದು ಹುಡುಗ ಬಾಯಿಬಿಟ್ಟ. ಅದಕ್ಕೇ ದಿನಾ ಸಾಯಂಕಾಲ ತುಂಬಿಸಿಕೊಳ್ಳುವ ಊರುಗಳನ್ನು ಗುರುತು ಹಾಕಿ, ಆರಂಭ ಶಿಲ್ಕು 40 ಲೀಟರ್ ಎಂದು ಬರೆದೆವು. ಶಿಲ್ಕು 20ಕ್ಕಿಂತ ಕೆಳಗೆ ಇಳಿದರೆ ಎಲ್ಲೇ ಇರಲಿ, ಮುಂದೆ ಹೋಗುವಂತಿಲ್ಲ, ಹತ್ತಿರದ ಊರಿಗೆ ತಿರುಗಬೇಕು. ಬಾಯಾರಿಕೆಗೆ ಓವರ್‌ಡ್ರಾಫ್ಟ್ ಯಾವ ಬ್ಯಾಂಕೂ ಕೊಡುವುದಿಲ್ಲ.

ಅವನ ವಿಡಿಯೊದ ದಾರಿಯ ಹೆಸರು ಕ್ಯಾನಿಂಗ್ ಸ್ಟಾಕ್ ರೂಟ್. ಸುಮಾರು 1,850 ಕಿ.ಮೀ. ಇದೆಯಂತೆ. ಅವನೇ ಹುಡುಕಿ ಓದಿ ಹೇಳಿದ. ದನಗಳನ್ನು ಹೊಡೆದುಕೊಂಡು ಹೋಗಲೆಂದು 1908ರಿಂದ 1910ರವರೆಗೆ ಸಾಲಾಗಿ ಬಾವಿ ತೋಡಿ ಮಾಡಿದ ದಾರಿ ಅದು. ಬಾವಿಯಿಂದ ಬಾವಿಗೆ ಒಂದು ದಿನದ ನಡಿಗೆ. ದಾರಿ ಹುಡುಕುವಾಗ ಕ್ಯಾನಿಂಗನ ತಂಡದವರು ಅಲ್ಲಿನ ಮೂಲನಿವಾಸಿಗಳನ್ನು ಸರಪಳಿಯಲ್ಲಿ ಕಟ್ಟಿ, ನೀರಿನ ನೆಲೆ ತೋರಿಸಿ ಎಂದು ಕರೆದೊಯ್ದರಂತೆ. ಅದರ ಮೇಲೆ 1908ರಲ್ಲಿ ವಿಚಾರಣೆಯೂ ನಡೆಯಿತಂತೆ. ಇದನ್ನು ಓದುವಾಗ ಅವನ ಧ್ವನಿ ಸಣ್ಣದಾಯಿತು. ‘ಆ ಕುರಿ ಅಜ್ಜಿ ಸುಮ್ಮನೆ ತೋರಿಸಿದ್ರಲ್ಲ ತಾತ’ ಎಂದ. ಅವರು ಆಗ ಅಜ್ಜಿಯಾಗಿರಲಿಲ್ಲ ಎಂದು ನಾನು ತಿದ್ದಲಿಲ್ಲ.

ನಮ್ಮ ಕಡೆಯ ಹಳೇ ದಾರಿಗಳೂ ನೀರಿನಿಂದ ನೀರಿಗೆ ಹೋದವೇ. ಸಂಡೂರಿನ ಕಡೆಯಿಂದ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯ ಎರಡು ಬೆಟ್ಟಗಳ ಬಾಯಿಗೆ ಕೆರೆ ಕಟ್ಟಿಸುವುದನ್ನು ನೋಡಿ, ಅಲ್ಲಿ ಹದಿನೈದಿಪ್ಪತ್ತು ಸಾವಿರ ಆಳು ದುಡಿಯುತ್ತಿದ್ದರು ಎಂದು ಬರೆದಿದ್ದಾನೆ. ನಮ್ಮೂರ ಪಕ್ಕದ ಡಣಾಯಕನಕೆರೆ, ಕಮಲಾಪುರದ ಕೆರೆ, ಹಂಪಿಯ ಕಲ್ಲಿನ ದೋಣಿ ಕಾಲುವೆ ಎಲ್ಲಾ ಆ ಕಾಲದವು. ಅದಕ್ಕೇ ಯಾತ್ರೆಯ ಮೊದಲ ಊಟ ಕಮಲಾಪುರದ ಕೆರೆ ಏರಿಯ ಮೇಲೆ ಎಂದು ಬರೆದಿದ್ದೇವೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಕಡಕ್ ರೊಟ್ಟಿ ವಾರವಾದರೂ ಕೆಡುವುದಿಲ್ಲ. ಆಸ್ಟ್ರೇಲಿಯಾದವರಿಗೆ ಇದು ಗೊತ್ತಿಲ್ಲ, ಪಾಪ, ಡಬ್ಬಿಯಲ್ಲಿನ ಅವರೆಕಾಳು ತಿನ್ನುತ್ತಿದ್ದರು.

ದರೋಜಿಯ ಕರಡಿಧಾಮ 1994ರದು. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿದ್ದನ್ನು ನೆಕ್ಕಲು ಸಂಜೆ ಕರಡಿಗಳು ಇಳಿದು ಬರುವುದನ್ನು ನಾನು ಗೋಪುರದಿಂದ ನೋಡಿದ್ದೇನೆ. ಕಾಡಿನೊಳಗೆ ಸ್ವಂತ ಜೀಪು ಬಿಡುವಂತಿಲ್ಲ, ರಾತ್ರಿ ಇರುವಂತಿಲ್ಲ. ಮೊಮ್ಮಗನ ಪಟ್ಟಿಯಲ್ಲಿದ್ದ ‘ಕರಡಿ ಕಾಡಲ್ಲಿ ಗುಡಾರ’ ಎಂಬ ಸಾಲನ್ನು ಹೊಡೆದುಹಾಕಿದೆ. ಸಂಡೂರು ಸೆಪ್ಟೆಂಬರಿನಲ್ಲಿ ನೋಡಬೇಕಾದ ಊರು ಎಂಬುದು 1934ರಲ್ಲಿ ಗಾಂಧೀಜಿ ಬಂದುಹೋದ ಮೇಲೆ ಊರೆಲ್ಲಾ ಹೇಳುವ ಮಾತು. ಒಂದು ತಿಂಗಳು ತಡವಾದರೂ ಗುಡ್ಡಗಳಲ್ಲಿ ಹಸಿರು ಉಳಿದಿರಬೇಕು. ಅಲ್ಲಿ ನಾರಿಹಳ್ಳ ಬೆಟ್ಟವನ್ನು ಸೀಳಿಕೊಂಡು ಹರಿಯುವ ಗಂಡಿ ತೋರಿಸಬೇಕು. ಅದಿರಿನ ಲಾರಿಗಳ ದಾರಿಯಲ್ಲಿ ಮಾತ್ರ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಡೀಸೆಲ್ ಕ್ಯಾನು ಬೇಡ ಎಂದೆ. ಎಷ್ಟೇ ಒಳಗೆ ಹೋದರೂ ನಲವತ್ತು ಕಿ.ಮೀ.ಗೊಂದು ಬಂಕು ಸಿಗುತ್ತದೆ, ಮಗುವಿನ ಪಕ್ಕ ಡೀಸೆಲ್ ಯಾಕೆ? ಆದರೆ ಸ್ಟೆಪ್ನಿ ಎರಡು ಬೇಕು, ಬಳ್ಳಾರಿ ಜಾಲಿಯ ಮೇಲೆ ನನಗೆ ಹಳೇ ಬಾಕಿ ಇದೆ. ಕಂಪ್ಲಿ ಕಡೆ ಎರೆ ಭೂಮಿ. ಒಂದು ಮಳೆ ಬಿದ್ದರೂ ಆ ಜಾಡುಗಳಿಗೆ ಇಳಿಯಬಾರದು, ಗಾಲಿಗೆ ಮಣ್ಣು ಮೆತ್ತಿ ಚಕ್ಕಡಿಯೇ ಅಲ್ಲಾಡುವುದಿಲ್ಲ. ಕೂಡ್ಲಿಗಿ ಕಡೆ ಕೆಂಪು ನೆಲ, ಅಡ್ಡಿಯಿಲ್ಲ. ಹಳ್ಳದ ಮರಳು ಮೆತ್ತಗಿದೆ ಎಂದು ಅಲ್ಲಿ ಮಲಗಬಾರದು. ಎಲ್ಲೋ ಮೇಲೆ ಸುರಿದ ಮಳೆ ಕತ್ತಲಲ್ಲಿ ನೀರಾಗಿ ಬರುತ್ತದೆ.

ರಜೆ ಮುಗಿಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡೋಣ ಎಂದು ಮೇ ಕೊನೆಯಲ್ಲಿ ಹಿನ್ನೀರಿನ ಕಡೆ ಹೊರಟೆವು. ನಾನೇ ಓಡಿಸುತ್ತಿದ್ದೆ, ಸಂಜೆ ಆರೂವರೆ ಆಗಿತ್ತು. ಫೋನಿನ ನಕ್ಷೆಯಲ್ಲಿ ದಾರಿ ನೇರವಾಗಿತ್ತು. ಎದುರಿಗೆ ನೋಡಿದರೆ ದಾರಿ ಜಲಾಶಯದ ಒಡಲಿಗೆ ಇಳಿದಿತ್ತು. ನೀರು ಬಲು ದೂರ ಸರಿದಿತ್ತು, ಕಣ್ಣು ಹಾಯುವವರೆಗೂ ಬಿರಿದ ಮಣ್ಣು. ‘ತಾತ, ಇದು ಮರುಭೂಮಿನೇ!’ ಎಂದು ಕೂಗಿದ. ಆ ಮಣ್ಣಿನಡಿ ಊರುಗಳಿವೆ ಎಂದು ಹೇಳಿದೆ. ಅಣೆಕಟ್ಟೆ 1953ರಲ್ಲಿ ಮುಗಿದಾಗ ಮುಳುಗಿದವುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿಂದ ಬಂದ ಎಷ್ಟೋ ಮನೆತನಗಳು ನಮ್ಮೂರಲ್ಲಿವೆ.

ಮಾತಿನ ಭರದಲ್ಲಿ ಇನ್ನೂ ಸ್ವಲ್ಪ ಮುಂದಕ್ಕೆ ಬಿಟ್ಟೆ. ನೆಲ ಗಟ್ಟಿಯಾಗಿ ಕಾಣುತ್ತಿತ್ತು, ಕಂಡದ್ದು ಅಷ್ಟೇ. ಮೇಲಿನ ಪದರ ಒಡೆದು ಮುಂದಿನ ಎಡಗಾಲಿ ಕೆಸರಿಗೆ ಇಳಿಯಿತು. ಅದು ಹೂಳು. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಈಗ 105 ಚಿಲ್ಲರೆಗೆ ಇಳಿದದ್ದು ಈ ಹೂಳಿನಿಂದಲೇ. ಅಂಥ ಲೆಕ್ಕ ಬಾಯಿಪಾಠ ಇದ್ದವನು ಅದರ ಮೇಲೇ ಗಾಡಿ ಬಿಟ್ಟಿದ್ದೆ. ಟ್ರ್ಯಾಕ್ಟರಿನವರೊಬ್ಬರು ಬಂದು ಹಗ್ಗ ಹಾಕಿ ಎಳೆಯುವ ಹೊತ್ತಿಗೆ ಪೂರ್ತಿ ಕತ್ತಲು. ಅವರು ಕೇಳಿದರು: ‘ಯಜಮಾನ್ರೇ, ಮುಂದೆ ಮಣ್ಣಿನ ಬಣ್ಣ ಬ್ಯಾರೆ ಇತ್ತಲ್ಲ, ಕಾಣ್ಲಿಲ್ಲೇನು?’

ಕಂಡಿರಲಿಲ್ಲ. ಮೊಮ್ಮಗನಿಗೆ ಕಂಡಿತ್ತು, ತಾತ ಬೇಜಾರು ಮಾಡಿಕೊಂಡಾರು ಎಂದು ಸುಮ್ಮನಿದ್ದನಂತೆ. ಮನೆಗೆ ಬಂದ ಮೇಲೆ ನಿಧಾನವಾಗಿ ಹೇಳಿದ. ನನಗೆ ಆ ಕೆಸರಿಗಿಂತ ಅದು ಹೆಚ್ಚು ನಾಟಿತು.

ನನ್ನ ಲೈಸೆನ್ಸ್ ಇನ್ನೂ ಎರಡು ವರ್ಷ ನಡೆಯುತ್ತದೆ. ಕಣ್ಣಿನ ಪೊರೆ ತೆಗೆಸಿದ್ದೇನೆ, ಹಗಲು ಅಕ್ಷರ ಚೆನ್ನಾಗಿ ಕಾಣುತ್ತದೆ. ಆದರೂ ಒಂದು ವಾರ ಯೋಚಿಸಿ ಜೀಪಿನ ಕೀಲಿಯನ್ನು ಅಕ್ಕನ ಮಗನ ಕೈಗೆ ಕೊಟ್ಟೆ. ‘ಯಾಕ್ ಮಾವ?’ ಎಂದ. ‘ನೀನೇ ಓಡಿಸು, ನಾನು ಲೆಕ್ಕ ಬರೀತೀನಿ’ ಎಂದೆ. ಕೀಲಿಗೊಂಚಲಿನಿಂದ ಅದನ್ನು ಬಿಚ್ಚುವಾಗ ಉಗುರು ಸ್ವಲ್ಪ ಕಿತ್ತುಬಂತು, ಮೂವತ್ತು ವರ್ಷದಿಂದ ಅಲ್ಲೇ ಇದ್ದ ಕೀಲಿ.

ಈ ಸುದ್ದಿ ತಿಳಿದ ದಿನ ನನ್ನಾಕೆ, ‘ಹಂಗಾದ್ರೆ ನಾನೂ ಬರ್ತೀನಿ’ ಎಂದಳು. ಇಷ್ಟು ದಿನ ಅವಳ ತಕರಾರು ಮರುಭೂಮಿಯ ಮೇಲಲ್ಲ, ಡ್ರೈವರಿನ ಮೇಲೆ ಇತ್ತು. ಲೆಕ್ಕಪುಸ್ತಕದಲ್ಲಿ ಒಬ್ಬರಿಗೆ ದಿನಕ್ಕೆ 7ರಂತೆ ಮೂರು ದಿನಕ್ಕೆ 21 ಲೀಟರ್ ಏರಿತು. ಇನ್ನೊಂದು ಕ್ಯಾನು ಕೊಂಡೆವು. ಔಷಧಿ ಡಬ್ಬಿ ಅವಳ ಜವಾಬ್ದಾರಿ. ಅದರಲ್ಲಿ ಉಪ್ಪು ಸಕ್ಕರೆಯ ಪೊಟ್ಟಣ ಹತ್ತಿವೆ.

ಈಗ ದಸರೆಗೆ ಹನ್ನೆರಡು ದಿನ ಬಾಕಿ. ಭಾನುವಾರ ಮೊಮ್ಮಗ ಫೋನು ಮಾಡಿ ನಕ್ಷೆ ಒಪ್ಪಿಸಿದ. ಎಲ್ಲಾ ಊರಿಗೂ ಗೆರೆ ಎಳೆದಿದ್ದಾನೆ. ಗುಡೇಕೋಟೆಯ ಮುಂದೆ ‘ಒನಕೆ ಓಬವ್ವನ ತವರು’ ಎಂದು ಬರೆದು ಒಂದು ಒನಕೆಯ ಚಿತ್ರವನ್ನೂ ಹಾಕಿದ್ದಾನಂತೆ. ಅಲ್ಲಿಂದ ಆ ಹಳ್ಳಕ್ಕೆ ಹೋಗುವ ಬಂಡಿ ಜಾಡು ಮಾತ್ರ ನಕ್ಷೆಯಲ್ಲೂ ಇಲ್ಲ, ನನಗೂ ಸರಿಯಾಗಿ ನೆನಪಿಲ್ಲ.

‘ಅಲ್ಲಿ ಏನು ಬರೀಲಿ ತಾತ?’

‘ಕೇಳಿಕೊಂಡು ಹೋಗೋದು ಅಂತ ಬರಿ.’

‘ಯಾರನ್ನ?’

‘ಕುರಿ ಕಾಯೋರನ್ನ.’