ಸೋತ ಮೇಲೆ ಶುರುವಾಗುವ ಮ್ಯಾಚು

ಬ್ಲಾಗಿನ ಕಡೆ ತಲೆ ಹಾಕಿ ಎಷ್ಟು ತಿಂಗಳಾಯ್ತೋ ಲೆಕ್ಕ ಇಲ್ಲ. ಆಫೀಸು, ರಿಲೀಸು, ಆ ರಿಲೀಸಿನ ಜೊತೆ ಉಚಿತವಾಗಿ ಬಂದ ಬಗ್ಗುಗಳು... ನೆಪ ಹೇಳ್ತಾ ಕೂತ್ರೆ ಪೋಸ್ಟು ಅದರಲ್ಲೇ ಮುಗಿದುಹೋಗುತ್ತೆ. ಕ್ರಿಕೆಟ್ ಬಗ್ಗೆ ಏನೋ ಬರೆದಿರ್ತಾನೆ ಅಂದ್ಕೊಂಡು ಬಂದವರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಫುಟ್ಬಾಲ್ ಪುರಾಣ. ಅದೂ ಗೆದ್ದ ಕತೆಯಲ್ಲ.

ನಾವು ನಾಲ್ಕು ಜನ. ಇಂಜಿನಿಯರಿಂಗ್ ಓದುವಾಗ ಒಂದೇ ಹಾಸ್ಟೆಲ್ಲು. ಹೆಸರು ಹಾಕಿದ್ರೆ ಫೋನ್ ಮಾಡಿ ಬೈತಾರೆ, ಅದಕ್ಕೆ ಊರಿನ ಹೆಸರಲ್ಲೇ ಕರೀತೀನಿ. ಒಬ್ಬ ರಾಮನಗರದವನು, ಒಬ್ಬ ಕನಕಪುರದವನು, ಒಬ್ಬ ಮಾಗಡಿಯವನು, ನಾನು ಚನ್ನಪಟ್ಟಣದವನು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಕತ್ತರಿಸಿ ರಾಮನಗರ ಜಿಲ್ಲೆ ಮಾಡಿದಾಗ ಅದರಲ್ಲಿದ್ದಿದ್ದು ಇದೇ ನಾಲ್ಕು ತಾಲ್ಲೂಕು. ಹಾಗಾಗಿ ಹಾಸ್ಟೆಲ್ಲಲ್ಲಿ ನಮಗೆ 'ಜಿಲ್ಲಾ ಪಂಚಾಯ್ತಿ' ಅಂತ ಹೆಸರು. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿಸಿತು. ಪಂಚಾಯ್ತಿ ಮಾತ್ರ ಹಾಗೇ ಇದೆ, ವಾಟ್ಸಾಪಿನಲ್ಲಿ.

ನಾಲ್ಕೂ ಜನಕ್ಕೆ ಬೆಂಗಳೂರು ಎಫ್‌ಸಿ ಹುಚ್ಚು. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ನಾವಿನ್ನೂ ಹೈಸ್ಕೂಲು-ಪಿಯುಸಿ ವಯಸ್ಸಿನವರು. ಆಗ ಕೋಚ್ ಆಗಿದ್ದವರು ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಮೈಕಟ್ಟು, ಓಟ, ಸುತ್ತಿಬಳಸದ ಆಟ. 2016ರಲ್ಲಿ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಗೋಲಿಯಿಂದಲೇ ಪಾಸ್ ಶುರುವಾಗಬೇಕು, ಚೆಂಡು ನೆಲ ಬಿಡಬಾರದು ಅನ್ನೋ ಪಂಥ. ಅಲ್ಲಿಂದಲೇ ನಮ್ಮ ಪಂಚಾಯ್ತಿಯೂ ಎರಡು ಪಕ್ಷ ಆಗಿದ್ದು. ಕನಕಪುರದವನದ್ದು 'ಉದ್ದ ಹೊಡಿ' ಪಕ್ಷ. ರಾಮನಗರದವನದ್ದು 'ಸಾಲು ಕಟ್ಕೊಂಡು ಹತ್ತತ್ರ ಕೊಡಿ' ಪಕ್ಷ. ಮಾಗಡಿಯವನು ಯಾರು ಟೀ ಕೊಡಿಸ್ತಾರೋ ಅವರ ಕಡೆ.

2018ರ ಮಾರ್ಚ್ 17, ಶನಿವಾರ. ಕಂಠೀರವದಲ್ಲಿ ಐಎಸ್ಎಲ್ ಫೈನಲ್, ಎದುರಾಳಿ ಚೆನ್ನೈಯಿನ್. ಲೀಗಿನಲ್ಲಿ ನಾವು 18 ಮ್ಯಾಚಿಗೆ 40 ಪಾಯಿಂಟು, ಎರಡನೇ ಸ್ಥಾನದ ಅವರು 32. ಮನೆ ಮೈದಾನ ಬೇರೆ. ಕಪ್ಪು ನಮ್ಮದೇ ಅಂತ ಯಾರಿಗೂ ಅನುಮಾನ ಇರಲಿಲ್ಲ. ಒಂಬತ್ತನೇ ನಿಮಿಷಕ್ಕೆ ಉದಾಂತ ಬಲಗಡೆಯಿಂದ ಕ್ರಾಸ್ ಹಾಕಿದ, ಛೆಟ್ರಿ ಗಾಳಿಯಲ್ಲಿ ಈಜಿಕೊಂಡು ಬಂದು ತಲೆ ಕೊಟ್ಟ. ಪಕ್ಕದಲ್ಲಿದ್ದ ಯಾರೋ ಪುಣ್ಯಾತ್ಮ ನನ್ನನ್ನು ಎತ್ತಿಕೊಂಡೇಬಿಟ್ಟ. ಆಮೇಲೆ ಹದಿನೇಳನೇ ನಿಮಿಷಕ್ಕೆ ಕಾರ್ನರ್, ಮೈಲ್ಸನ್ ಆಲ್ವೆಸ್ ಹೆಡ್ಡರ್. ನಲವತ್ತೈದನೇ ನಿಮಿಷಕ್ಕೆ ಮತ್ತೆ ಕಾರ್ನರ್, ಮತ್ತೆ ಅದೇ ಮೈಲ್ಸನ್, ಮತ್ತೆ ಹೆಡ್ಡರ್! ಅರವತ್ತೇಳಕ್ಕೆ ರಫೇಲ್ ಅಗಸ್ಟೊ ಬಾಕ್ಸಿನ ಹೊರಗಿಂದ ಒಂದು ಎಳೆದ. ಕೊನೆಗೆ ಇಂಜುರಿ ಟೈಮಲ್ಲಿ ಮೀಕು ಒಂದು ಹೊಡೆದ, ಅದೂ ಉದಾಂತನ ಕ್ರಾಸಿಗೆ ತಲೆ ಕೊಟ್ಟು. 3-2. ಅಷ್ಟೇ.

ಮಾರನೇ ದಿನ ಯುಗಾದಿ. ನಮಗೆ ಬೇವು ಒಂದಿನ ಮೊದಲೇ ಸಿಕ್ಕಿತ್ತು.

ಹಬ್ಬದ ಹಿಂದಿನ ರಾತ್ರಿ ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಹೇಗಿರುತ್ತೆ ಅಂತ ಗೊತ್ತಿರೋರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಸೂರು ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡು ನಿಂತೆವು. ಕನಕಪುರ, ಮಾಗಡಿ ಎರಡಕ್ಕೂ ರೈಲಿಲ್ಲ, ಆ ಹೊತ್ತಲ್ಲಿ ಬಸ್ಸೂ ಕಷ್ಟ, ಹಾಗಾಗಿ ಅವರಿಬ್ಬರೂ ರಾಮನಗರದವನ ಮನೆಯಲ್ಲೇ ಮಲಗಿ ಬೆಳಿಗ್ಗೆ ಎದ್ದು ಹೋಗೋದು ಅಂತಾಗಿತ್ತು. ಕೆಂಗೇರಿ ದಾಟೋವರೆಗೂ ಯಾರೂ ಮಾತಾಡಲಿಲ್ಲ. ಬಿಡದಿ ಹತ್ರ ಕನಕಪುರದವನು ಬಾಯಿ ಬಿಟ್ಟ.

"ವಸಿ ಉದ್ದಕ್ಕೆ ಹೊಡ್ದಿದ್ರೆ ಗೆದ್ದಿರೋವು ಕಣ್ಲಾ. ನಮ್ಮವೆರಡು ಗೋಲೂ ಎಲ್ಲಿಂದ ಬಂದ್ವು? ಕ್ರಾಸಿಂದ. ಮೇಲಿಂದ. ಇವ್ನು ನೋಡುದ್ರೆ ಹಿಂದ್ಗಡೆ ನಿಂತ್ಕಂಡು ನಿಂಗೆ ನಂಗೆ ನಿಂಗೆ ನಂಗೆ..."

"ಅವ್ರವೆರಡು ಗೋಲು ಕಾರ್ನರಿಂದ ಬಂದಿದ್ದು. ಅದುಕ್ಕೂ ಪಾಸಿಗೂ ಏನ್ಲಾ ಸಂಬಂಧ? ಕಾರ್ನರ್ ತಡಿಯಕ್ಕೆ ಬರ್ನಿಲ್ಲ, ಸೋತೊ. ಅಷ್ಟೆಯ," ಅಂದ ರಾಮನಗರದವನು.

"ನಲವತ್ತು ಪಾಯಿಂಟು ಬಂದಿದ್ದು ಯಾವ ಆಟದಿಂದ, ಅದನ್ನ ಹೇಳ್ರೋ ಮೊದಲು," ಅಂತ ನಾನು.

ಒಬ್ಬರು ಅಜ್ಜಿ, ಮಡಿಲಲ್ಲಿ ಮಾವಿನ ಸೊಪ್ಪಿನ ಕಟ್ಟು ಇಟ್ಕೊಂಡು ಕೂತಿದ್ದವರು, "ಯಾರ್ ಸತ್ತೋದ್ರು ಮಗ?" ಅಂತ ಕೇಳಿದರು. ಅಷ್ಟು ದೊಡ್ಡ ದನಿ ನಮ್ಮದು, ಅಂಥಾ ಮುಖ.

ಮಾಗಡಿಯವನ ಕೊಡುಗೆ ಏನಪ್ಪಾ ಅಂದ್ರೆ, 1956ರ ಮೆಲ್ಬರ್ನ್ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಭಾರತ ತಂಡದಲ್ಲಿ ಕೆಂಪಯ್ಯ ಇದ್ದರು, ಅವರು ಚೆಂಡನ್ನ ಎಲ್ಲಿಗೆ ಬೇಕೋ ಅಲ್ಲಿಗೆ ಹಾಕ್ತಿದ್ರು, ಹಾಗಾಗಿ ಎರಡೂ ಬರಬೇಕು ಅನ್ನೋದು. ಕೆಂಪೇಗೌಡರ ಊರಿನವನಾದ್ದರಿಂದ ಕೆಂಪಯ್ಯನವರೂ ತನ್ನ ಕಡೆಯವರೇ ಅಂತ ಇವನ ನಂಬಿಕೆ. ಆಧಾರ ಕೇಳಬೇಡಿ :)

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈನಲ್ಲಿ ಗೋವಾ ವಿರುದ್ಧ ಫೈನಲ್ ಗೆದ್ದೆವು. ಒಂದೇ ಗೋಲು. ಹೆಚ್ಚುವರಿ ಆಟದ 117ನೇ ನಿಮಿಷ, ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ಹೆಡ್ಡರ್. ಯಾವ ಕಾರ್ನರಿಂದ ಕಪ್ಪು ಕಳಕೊಂಡೆವೋ ಅದೇ ಕಾರ್ನರಿಂದ ಬಂತು. ಆದ್ರೆ ಗೆದ್ದಾಗ ಚರ್ಚೆ ಹುಟ್ಟೋದಿಲ್ಲ ನೋಡಿ. ಆ ರಾತ್ರಿ ಗ್ರೂಪಿನಲ್ಲಿ ಬರೀ ಪಟಾಕಿ ಚಿತ್ರ.

ನಾನು ಲೆಕ್ಕದ ಮನುಷ್ಯ (ಸಂಬಳ ಬರೋದೇ ಅದಕ್ಕೆ). ಈ ಜಗಳಕ್ಕೆ ಅಂಕಿಅಂಶ ಏನಾದ್ರೂ ಇದೆಯಾ ಅಂತ ಹುಡುಕಿದಾಗ ಸಿಕ್ಕಿದ್ದು ಚಾರ್ಲ್ಸ್ ರೀಪ್ ಅನ್ನೋ ಮಹಾನುಭಾವನ ಕತೆ. ಬ್ರಿಟನ್ನಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡ್ತಿದ್ದವನು. 1950ರಲ್ಲಿ ಸ್ವಿಂಡನ್ ಟೌನ್ ಮ್ಯಾಚೊಂದರಲ್ಲಿ ಪೆನ್ಸಿಲ್ ಹಿಡಿದು ಪ್ರತಿ ಪಾಸನ್ನೂ ಗುರುತು ಹಾಕೋಕೆ ಶುರು ಮಾಡಿದ, ಆಮೇಲೆ ದಶಕಗಟ್ಟಲೆ ಬಿಡಲಿಲ್ಲ. 1968ರಲ್ಲಿ ಬೆಂಜಮಿನ್ ಅನ್ನೋ ಸಂಖ್ಯಾಶಾಸ್ತ್ರಜ್ಞನ ಜೊತೆ ಸೇರಿ ಪ್ರಬಂಧ ಬರೆದ. ಅದರ ಸಾರ ಇಷ್ಟು: ಸುಮಾರು ಶೇ. 80ರಷ್ಟು ಗೋಲು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸಿನ ದಾಳಿಯಿಂದ ಬರುತ್ತವೆ. ಅಲ್ಲಿಗೆ ಇಂಗ್ಲೆಂಡಿನ ಎಷ್ಟೋ ಕೋಚ್‌ಗಳು 'ಉದ್ದ ಹೊಡಿ' ಪಕ್ಷಕ್ಕೆ ಸೇರಿಬಿಟ್ಟರು.

ಕನಕಪುರದವನಿಗೆ ಇದನ್ನ ಕಳಿಸಿದ್ರೆ ಸ್ವರ್ಗ ಸಿಕ್ಕಂತಾಯ್ತು. ಆದ್ರೆ ಅದರಲ್ಲೊಂದು ಎಡವಟ್ಟಿದೆ. ರೀಪ್ ಲೆಕ್ಕದಲ್ಲೇ ಮೂರೋ ಅದಕ್ಕಿಂತ ಕಡಿಮೆಯೋ ಪಾಸಿನ ದಾಳಿಗಳು ಒಟ್ಟು ದಾಳಿಗಳಲ್ಲಿ ಶೇ. 90ಕ್ಕಿಂತ ಹೆಚ್ಚು. ಅಂದ್ರೆ ನೂರರಲ್ಲಿ ತೊಂಬತ್ತು ಚಿಲ್ಲರೆ ದಾಳಿ ಸೇರಿ 80 ಗೋಲು ತಂದ್ರೆ, ಉಳಿದ ಹತ್ತಕ್ಕೂ ಕಮ್ಮಿ ದಾಳಿ 20 ಗೋಲು ತಂದಿವೆ. ಭಾಗಿಸಿ ನೋಡಿ, ಪಾಸ್ ಹೆಚ್ಚಿದ್ದ ದಾಳಿಯ ಫಲ ಎರಡು ಪಟ್ಟಿಗಿಂತ ಜಾಸ್ತಿ! ಎಷ್ಟೋ ದಶಕ ಆದಮೇಲೆ ಸಂಶೋಧಕರು ಈ ತಪ್ಪು ಎತ್ತಿ ತೋರಿಸಿದರು. ಇದನ್ನೂ ಕನಕಪುರದವನಿಗೆ ಕಳಿಸಿದೆ. "ನೆಟ್ವರ್ಕ್ ಇಲ್ಲ" ಅಂದ.

ಮಾಗಡಿಯವನು ಎಂ.ಎಸ್. ಮಾಡೋಕೆ ಅಮೆರಿಕಾಗೆ ಹೋದ, ಅದೂ ಕಾನ್ಸಾಸ್ ಸಿಟಿಗೆ. ಅಲ್ಲಿ ಫುಟ್ಬಾಲ್ ಅಂದ್ರೆ ಕೈಯಲ್ಲಿ ಆಡೋದು. 2021ರ ಫೆಬ್ರವರಿಯಲ್ಲಿ ಅವನ ಊರಿನ ತಂಡ ಸೂಪರ್ ಬೌಲಿನಲ್ಲಿ ಟ್ಯಾಂಪಾ ಬೇ ಎದುರು 31-9ರಲ್ಲಿ ಸೋತಾಗ ನಡುರಾತ್ರಿ ಮೆಸೇಜು: "ಇಲ್ಲೂ ಅದೇ ಜಗಳ ಕಣ್ರೋ!" ಅರ್ಧ ಊರು ಮಹೋಮ್ಸ್ ಇನ್ನೂ ಉದ್ದಕ್ಕೆ ಎಸೀಬೇಕಿತ್ತು ಅಂತಂತೆ. ಇನ್ನರ್ಧ, ಎಸೆಯೋಕೆ ಅವನಿಗೆ ಪುರುಸೊತ್ತೆಲ್ಲಿತ್ತು, ಮುಂದೆ ಕಾಯೋ ಐದು ಜನರ ಸಾಲೇ ಮುರಿದುಬಿದ್ದಿತ್ತಲ್ಲ ಅಂತ. ಕಬಡ್ಡೀಲಿ ಚೈನ್ ಬಿಟ್ಟುಹೋದ್ರೆ ಏನಾಗುತ್ತೋ ಅದೇ. ಆ ಸಾಲಿನ ಎರಡು ತುದಿಯವರೂ ಗಾಯಗೊಂಡು ಹೊರಗಿದ್ದರು. ಪಾಪ ಮಹೋಮ್ಸ್ ಎಸೆದಿದ್ದಕ್ಕಿಂತ ತಪ್ಪಿಸಿಕೊಂಡು ಓಡಿದ್ದೇ ಹೆಚ್ಚು. ತಂಡದವರು ಮುಂದಿನ ಸೀಸನ್ನಿಗೆ ಆ ಸಾಲನ್ನೇ ಹೊಸದಾಗಿ ಕಟ್ಟಿದರು, 2023ರಲ್ಲಿ ಫಿಲಡೆಲ್ಫಿಯಾ ಮೇಲೆ 38-35ಕ್ಕೆ ಗೆದ್ದರು. 2025ರಲ್ಲಿ ಅದೇ ಫಿಲಡೆಲ್ಫಿಯಾ ಎದುರು 40-22ಕ್ಕೆ ಸೋತರು, ಮತ್ತೆ ಸಾಲಿನದ್ದೇ ತಲೆನೋವು. ಇಷ್ಟು ಓದಿ ರಾಮನಗರದವನು ಬರೆದ ಉತ್ತರ ಒಂದೇ ಪದ: "ಸಾಲು."

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

2025ರ ಏಪ್ರಿಲ್ 12, ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ಎದುರು ಫೈನಲ್. ಎದುರಾಳಿಯೇ ಹೊಡಕೊಂಡ ಗೋಲಿನಿಂದ ನಾವು ಮುಂದಿದ್ದೆವು, ಪೆನಾಲ್ಟಿಯಲ್ಲಿ ಕಮಿಂಗ್ಸ್ ಸಮ ಮಾಡಿದ, ಹೆಚ್ಚುವರಿ ಆಟದಲ್ಲಿ ಮೆಕ್ಲಾರೆನ್ ಮುಗಿಸಿದ. 2-1. ರಾಮನಗರದವನ ಮನೆಯಲ್ಲಿ ಟೀವಿ ಮುಂದೆ ಮೂರು ಜನ, ಫೋನಲ್ಲಿ ಮಾಗಡಿಯವನು. ಇನ್ನೇನು ಜಗಳ ಶುರುವಾಗುತ್ತೆ ಅಂತ ನಾನು ಕಾಯ್ತಿದ್ದೆ. ಕನಕಪುರದವನು ತುಂಬಾ ಹೊತ್ತು ಸುಮ್ಮನಿದ್ದು, "ಲೋ, ಸಣ್ಣ ಪಾಸು ಹೆಂಗ್ಲಾ ಹೇಳ್ಕೊಡೋದು?" ಅಂತ ಕೇಳಿದ.

ಅವನ ಅಕ್ಕನ ಮಗ, ಹನ್ನೆರಡು ವರ್ಷದವನು. ಓಡಿದ್ರೆ ಜಿಂಕೆ. ಆ ತಿಂಗಳು ಬೆಂಗಳೂರಿನ ಒಂದು ಅಕಾಡೆಮಿಯ ಟ್ರಯಲ್ಸಿಗೆ ಕರಕೊಂಡು ಹೋಗಿದ್ದನಂತೆ. ಕೃತಕ ಹುಲ್ಲಿನ ಮೈದಾನ. ಹುಡುಗ ಚೆಂಡು ಬಂದ ತಕ್ಷಣ ಝಾಡಿಸಿ ಒದೀತಾನೆ, ಅದು ಹೋಗಿ ಗೋಡೆ ಆಚೆ. ಕಾಲಲ್ಲಿ ನಿಲ್ಲಿಸು ಅಂದ್ರೆ ಗೊತ್ತಿಲ್ಲ. ಪಕ್ಕದವನಿಗೆ ಕೊಡು ಅಂದ್ರೆ ಗೊತ್ತಿಲ್ಲ. ಹತ್ತು ನಿಮಿಷಕ್ಕೆ ಹೊರಗೆ ಕೂರಿಸಿದರು. ವಾಪಸ್ಸು ಬರುವಾಗ ಹಾರೋಹಳ್ಳಿವರೆಗೂ ಕಿಟಕಿ ಕಡೆ ಮುಖ ಮಾಡಿಕೊಂಡೇ ಇದ್ದನಂತೆ.

ಅದು ಹುಡುಗನ ದೋಷ ಅಂತ ನಾನಂತೂ ಒಪ್ಪಲ್ಲ. ನಮ್ಮ ಕಡೆ ಆಡೋದು ಎಲ್ಲಿ ಹೇಳಿ? ಶಾಲೆ ಬಯಲು, ಇಲ್ಲಾ ಕೆರೆ ಅಂಗಳ. ನೆಲದ ತುಂಬಾ ಗರಸು, ನೊರಜುಗಲ್ಲು. ಅಲ್ಲಿ ಹತ್ತಡಿ ಪಾಸ್ ಕೊಟ್ಟರೆ ಚೆಂಡು ಕಪ್ಪೆ ಥರ ಕುಪ್ಪಳಿಸಿ ಎಲ್ಲೋ ಹೋಗುತ್ತೆ. ಬಿದ್ದರೆ ಮಂಡಿ ಕಿತ್ತು ಬರುತ್ತೆ. ಅಂಥಾ ಕಡೆ ಬುದ್ಧಿ ಇರೋ ಯಾವನಾದ್ರೂ ಚೆಂಡನ್ನ ಗಾಳಿಯಲ್ಲಿ ಕಳಿಸ್ತಾನೆ, ನೆಲದ ಮೇಲಲ್ಲ. ಕನಕಪುರದವನ 'ಉದ್ದ ಹೊಡಿ' ಸಿದ್ಧಾಂತ ಹುಟ್ಟಿದ್ದೂ ಅವನ ಊರಿನ ಅದೇ ಬಯಲಲ್ಲಿ. ರಾಮನಗರದವನು ಎಂಟನೇ ಕ್ಲಾಸಿನಿಂದ ಬೆಂಗಳೂರಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದಿದವನು, ಹುಲ್ಲಿನ ಮೇಲೆ ಆಡಿದವನು. ಅದಕ್ಕೇ ಅವನಿಗೆ ಸಾಲು, ಪಾಸು ಎಲ್ಲಾ. ಏಳು ವರ್ಷ ಇಬ್ಬರೂ ಕಿತ್ತಾಡಿದ್ದು ರೋಕಾ ಬಗ್ಗೆ ಅಲ್ಲವೇ ಅಲ್ಲ ಅಂತ ನನಗೆ ಅವತ್ತು ರಾತ್ರಿ ಚನ್ನಪಟ್ಟಣಕ್ಕೆ ಗಾಡಿ ಓಡಿಸ್ಕೊಂಡು ಬರುವಾಗ ಅನ್ನಿಸ್ತು. ಎಕ್ಸ್‌ಪ್ರೆಸ್‌ವೇಲಿ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯಲ್ಲಿ ಯೋಚನೆಗೆ ಬೇಕಾದಷ್ಟು ಟೈಮ್ ಸಿಗುತ್ತೆ.

ಆಮೇಲೆ ಶುರುವಾಯ್ತು ಭಾನುವಾರದ ಕ್ಲಾಸು. ರಾಮನಗರದವನು ಬೈಕ್ ಹತ್ತಿ ಹೋಗ್ತಾನೆ. ಸಮತಟ್ಟು ನೆಲ ಎಲ್ಲಿ ಸಿಗುತ್ತೆ ಅಂತ ಊರೆಲ್ಲಾ ಹುಡುಕಿ ಕೊನೆಗೆ ಸಿಕ್ಕಿದ್ದು ಮನೆ ಹಿಂದಿನ ಸಿಮೆಂಟ್ ಕಣ, ರಾಗಿ ಒಕ್ಕೋ ಕಣ. ಗೋಡೆಗೆ ಒರಗಿಸಿಟ್ಟಿದ್ದ ರೇಷ್ಮೆ ಹುಳದ ಚಂದ್ರಿಕೆಗಳನ್ನ ಎತ್ತಿಟ್ಟು, ಗೋಡೆ ಮೇಲೆ ಸುಣ್ಣದಲ್ಲಿ ಒಂದು ಚೌಕ ಬರೆದಿದ್ದಾರೆ. ಹುಡುಗ ಒಳಪಾದದಲ್ಲಿ ಆ ಚೌಕಕ್ಕೆ ಕೊಡಬೇಕು, ವಾಪಸ್ಸು ಬಂದಿದ್ದನ್ನ ನಿಲ್ಲಿಸಬೇಕು, ಮತ್ತೆ ಕೊಡಬೇಕು. ಬಲಗಾಲು ನೂರು, ಎಡಗಾಲು ನೂರು. ಉದ್ದ ಒದ್ದರೆ ಚೆಂಡು ಹಿಪ್ಪುನೇರಳೆ ತೋಟಕ್ಕೆ ಹೋಗುತ್ತೆ, ಅಜ್ಜಿ ಬೈತಾರೆ. ಇದಕ್ಕಿಂತ ಒಳ್ಳೆ ಕೋಚು ಸ್ಪೇನಲ್ಲೂ ಸಿಗಲ್ಲ.

ಈ ನಡುವೆ 2025ರ ಆಗಸ್ಟಿನಲ್ಲಿ, ಐಎಸ್ಎಲ್ ಮುಂದೇನಾಗುತ್ತೆ ಅಂತಲೇ ತಿಳಿಯದೆ, ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರೋದಾಗಿ ಪ್ರಕಟಣೆ ಕೊಟ್ಟಿತು. ಗ್ರೂಪಿನಲ್ಲಿ ಅವತ್ತು ಉದ್ದವೂ ಇಲ್ಲ, ಸಾಲೂ ಇಲ್ಲ. ಮಾಗಡಿಯವನು ಮಾತ್ರ "ಹುಡುಗನಿಗೆ ಹೇಳಬೇಡ್ರೋ" ಅಂತ ಬರೆದ. ಹುಡುಗನಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. "ಮಾವ, ಟ್ರಯಲ್ಸ್ ಇರುತ್ತಾ?" ಅಂತ ಮಾತ್ರ ಕೇಳಿದನಂತೆ. ಇರುತ್ತೆ ಅಂದಿದ್ದಾನೆ ಕನಕಪುರದವನು. ಏನನ್ನೋದು ಮತ್ತೆ?

ಹೋದ ಸಲ ನಾನೂ ಹೋಗಿ ನೋಡಿದೆ. ಚೆಂಡು ಈಗ ಕಾಲಲ್ಲಿ ನಿಲ್ಲುತ್ತೆ. ಎಡಗಾಲು ಇನ್ನೂ ಮಂಕು. ಕನಕಪುರದವನು ಕಣದ ಅಂಚಲ್ಲಿ ಕೂತು ಎಣಿಸ್ತಿದ್ದ, ಎಂಬತ್ತಕ್ಕೆ ಬಂದಾಗ ತಡೆಯೋಕಾಗದೆ "ಒಂದೇ ಒಂದು ಉದ್ದಕ್ಕೆ ಒದಿಯೋ" ಅಂದುಬಿಟ್ಟ. ರಾಮನಗರದವನು ಸೊಂಟದ ಮೇಲೆ ಕೈ ಇಟ್ಕೊಂಡು ನೋಡಿದ. ಹುಡುಗ ಇಬ್ಬರ ಮುಖವನ್ನೂ ನೋಡಿ, ಎರಡು ಹೆಜ್ಜೆ ಹಿಂದೆ ಹೋಗಿ, ಚಪ್ಪರದ ಮೇಲಿಂದ ತೋಟಕ್ಕೆ ಕಳಿಸಿದ. ಒಳಗಿಂದ ಅಜ್ಜಿ ಶುರು ಹಚ್ಚಿಕೊಂಡರು. ಚೆಂಡು ಹುಡುಕೋಕೆ ನಾವು ಮೂರೂ ಜನ ಸೊಪ್ಪಿನೊಳಗೆ ನುಗ್ಗಿದೆವು. ಸಿಕ್ಕಾಗ ಕತ್ತಲಾಗಿತ್ತು, ಉಳಿದ ಇಪ್ಪತ್ತು ಮುಂದಿನ ವಾರಕ್ಕೆ ಬಾಕಿ ಬಿತ್ತು.